ಕೊಸರಿನ ನಂಬಿಕೆ, ಉಚಿತದ ಲೆಕ್ಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ - ಈ ನಾಲ್ಕು ಊರುಗಳಲ್ಲಿ ಯಾವ ಊರಿನ ಸಂತೆಗೆ ಹೋದರೂ ಒಂದು ನೋಟ ತಪ್ಪುವುದಿಲ್ಲ. ಕಾಯಿಪಲ್ಯ ತೂಗಿಯಾಗಿದೆ, ದುಡ್ಡು ಕೈ ಬದಲಾಗಿದೆ. ಆದರೂ ಕೊಂಡವರು ಚೀಲದ ಬಾಯಿ ತೆರೆದು ನಿಂತೇ ಇರುತ್ತಾರೆ. 'ಏನ್ ಮಾಮಾ, ಕೊಸರ ಹಾಕೂದಿಲ್ಲೇನ?' ಎಂಬ ಮಾತು ಬರುತ್ತದೆ. ಮಾಮಾ ಗೊಣಗುತ್ತಲೇ ನಾಲ್ಕು ಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಹಾಕುತ್ತಾನೆ. ಆಗ ವ್ಯಾಪಾರ ಮುಗಿಯಿತು. ಮುಂದಿನ ವಾರ ಅದೇ ಗಿರಾಕಿ ಅದೇ ಮಾಮಾನ ಎದುರಿಗೇ ಬಂದು ನಿಲ್ಲುತ್ತಾಳೆ.

ಈ ಕೊಸರು ಎಂಬುದನ್ನು ಅರ್ಥಶಾಸ್ತ್ರದ ಪುಸ್ತಕಗಳು ಲೆಕ್ಕಕ್ಕೆ ಹಿಡಿದದ್ದು ಕಡಿಮೆ. ಆದರೆ ಸಂತೆಯಲ್ಲಿ ನಂಬಿಕೆ ಹುಟ್ಟುವುದು ಇಲ್ಲಿಯೇ. ತೂಕ ಸರಿಯಾಗಿದೆ ಎಂದು ಮಾರುವವನು ಬಾಯಿಯಲ್ಲಿ ಹೇಳಿದರೆ ಸಾಲದು. ತೂಕದಲ್ಲಿ ಎಲ್ಲಿಯೋ ಒಂದಿಷ್ಟು ಹೆಚ್ಚುಕಡಿಮೆ ಆಗಿದ್ದರೆ ಅದು ನಿನ್ನ ಕಡೆಗೇ ಇರಲಿ ಎಂದು ಅವನು ಕೈಯಾರೆ ತೋರಿಸುವ ರೀತಿ ಅದು. ಇಂದು ದೊಡ್ಡ ಕಂಪೆನಿಗಳೂ ಇದೇ ಕೆಲಸವನ್ನು 'ಉಚಿತ' ಎಂಬ ಹೆಸರಿನಲ್ಲಿ ಮಾಡುತ್ತಿವೆ. ಸಾಬೂನಿನೊಂದಿಗೆ ಸಾಬೂನು, ಟೂತ್‌ಪೇಸ್ಟಿನೊಂದಿಗೆ ಬ್ರಶ್, ಮೂರು ತಿಂಗಳ ಪುಗಸಟ್ಟೆ ಇಂಟರ್‌ನೆಟ್. ಮೇಲುನೋಟಕ್ಕೆ ಎರಡೂ ಒಂದೇ. ಅವು ಒಂದೇ ಅಲ್ಲ ಎಂಬುದು ನಮ್ಮ ವಾದ. ಈ ವ್ಯತ್ಯಾಸ ಕಾಣದೆ ಹೋದರೆ ನಮ್ಮ ಸಂತೆಗಳ ಸಣ್ಣ ವ್ಯಾಪಾರಿಗಳಿಗೂ, ಕೊಳ್ಳುವ ನಮಗೂ ನಷ್ಟವಿದೆ.

ಉಚಿತದ ಪರ ವಕೀಲಿ ಮಾಡುವ ಪುಸ್ತಕಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಪತ್ರಕರ್ತ ಕ್ರಿಸ್ ಆಂಡರ್ಸನ್ 2009ರಲ್ಲಿ ಬರೆದ 'ಫ್ರೀ'. ಮುಂದಿನ ಕಾಲದ ವ್ಯಾಪಾರವೆಲ್ಲ ಪುಕ್ಕಟೆಯ ತಳಹದಿಯ ಮೇಲೆಯೇ ನಿಲ್ಲಲಿದೆ ಎಂಬುದು ಅದರ ಧಾಟಿ. ಅದರಲ್ಲಿ ಜೆಲ್-ಓ ಎಂಬ ಸಿಹಿತಿಂಡಿಯ ಪುಡಿಯ ಕತೆಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯಾರಿಗೂ ಬೇಡವಾಗಿದ್ದ ಆ ಪುಡಿಯನ್ನು ಮಾರಲು ಅದರ ಮಾಲಿಕರು ಪುಡಿಯನ್ನು ಹಂಚಲಿಲ್ಲ, ಅಡುಗೆ ಪುಸ್ತಕಗಳನ್ನು ಹಂಚಿದರು. ಪುಸ್ತಕ ಓದಿದ ಮನೆಯಾಕೆ ಪುಡಿ ಕೇಳಿಕೊಂಡು ಅಂಗಡಿಗೆ ಬಂದಳು. ಷಿಕಾಗೋದ ರಿಗ್ಲಿ ಎಂಬ ವ್ಯಾಪಾರಿ 1891ರಲ್ಲಿ ಸಾಬೂನು ಮಾರುತ್ತ ಬೇಕಿಂಗ್ ಪುಡಿಯನ್ನು ಪುಕ್ಕಟೆ ಕೊಟ್ಟ. ಜನ ಪುಡಿಯನ್ನೇ ಕೇಳತೊಡಗಿದಾಗ ಪುಡಿ ಮಾರುತ್ತ ಚೂಯಿಂಗ್ ಗಮ್ ಪುಕ್ಕಟೆ ಕೊಟ್ಟ. ಗಮ್ಮನ್ನೇ ಕೇಳತೊಡಗಿದಾಗ ಅದನ್ನೇ ಮಾರಿ ಶ್ರೀಮಂತನಾದ. ಇಂಥ ಕತೆಗಳು ಓದಲು ಸೊಗಸಾಗಿವೆ. ಆದರೆ ಈ ಬಗೆಯ ಬರಹಗಳಲ್ಲಿ ಕೊಡುವವನ ಜಾಣತನವೇ ಕತೆಯ ನಾಯಕ. ತೆಗೆದುಕೊಂಡವರಿಗೆ ಕೊನೆಯಲ್ಲಿ ಏನಾಯಿತು ಎಂಬ ಪ್ರಶ್ನೆಗೆ ಅಲ್ಲಿ ಸಿಗುವ ಜಾಗ ಕಡಿಮೆ. ಆ ಪ್ರಶ್ನೆಗೆ ಉತ್ತರ ಹುಡುಕಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ನಮ್ಮ ಮನೆಯ ಚಾ ಕಪ್ಪನ್ನೇ ನೋಡೋಣ. ಚಾ ಇಲ್ಲದೆ ಬೆಳಗಾಗದ ನಮ್ಮ ಸೀಮೆಯಲ್ಲಿ ನೂರು ವರ್ಷದ ಹಿಂದೆ ಅದನ್ನು ಕುಡಿಯುವವರು ತೀರ ಕಡಿಮೆ. ಅಸ್ಸಾಮಿನಲ್ಲಿ, ನೀಲಗಿರಿಯಲ್ಲಿ ಬೆಳೆದದ್ದು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. 1903ರಲ್ಲಿ ಬ್ರಿಟಿಷ್ ಸರಕಾರ ಚಹಾದ ರಫ್ತಿನ ಮೇಲೆ ಸೆಸ್ ಹಾಕುವ ಕಾಯಿದೆ ತಂದಿತು; ಆ ಹಣ ಚಹಾದ ಪ್ರಚಾರಕ್ಕೆ ಮೀಸಲಾಯಿತು. 1930ರ ದಶಕದ ಜಾಗತಿಕ ಆರ್ಥಿಕ ಕುಸಿತದಲ್ಲಿ ಚಹಾದ ಬೆಲೆ ಬಿದ್ದು, 1933ರ ಅಂತಾರಾಷ್ಟ್ರೀಯ ಒಪ್ಪಂದದಿಂದ ರಫ್ತಿಗೂ ಮಿತಿ ಬಂದಾಗ ತೋಟದ ಮಾಲಿಕರ ಕಣ್ಣು ಈ ದೇಶದ ಜನರ ಮೇಲೆ ಬಿತ್ತು. ಚಹಾ ಮಂಡಳಿಯ ವ್ಯಾನುಗಳು ಊರೂರಿಗೆ ಹೊರಟವು. ಸಂತೆಗಳಲ್ಲಿ, ಜಾತ್ರೆಗಳಲ್ಲಿ ನಿಂತು ಬಿಸಿ ಚಹಾ ಮಾಡಿ ಪುಕ್ಕಟೆ ಕುಡಿಸಿದರು. ಚಹಾ ಮಾಡುವ ಕ್ರಮವನ್ನು ದೇಶಭಾಷೆಗಳಲ್ಲಿ ಬರೆದ ತಗಡಿನ ಫಲಕಗಳು ರೈಲು ನಿಲ್ದಾಣಗಳಲ್ಲಿ ತೂಗಿದವು. ಗಾಂಧೀಜಿಯಂಥವರು ಚಹಾದ ವಿರುದ್ಧ ಎಷ್ಟು ಬರೆದರೂ ಫಲ ಕಾಣಲಿಲ್ಲ. ಆ ಪುಕ್ಕಟೆ ಕಪ್ಪಿನ ಬೆಲೆಯನ್ನು ನಾವು ಮೂರು ತಲೆಮಾರುಗಳಿಂದ ದಿನಕ್ಕೆರಡು ಬಾರಿ ಕೊಡುತ್ತಿದ್ದೇವೆ.

ಚಾ ನಮಗೆ ಕೇಡು ಮಾಡಿತು ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಬೇರೆ ಬೇರೆ ಜಾತಿ ಧರ್ಮದವರು ಒಂದೇ ಬೆಂಚಿನ ಮೇಲೆ ಕೂಡುವ ಚಾದಂಗಡಿಯನ್ನು ಅದೇ ನಮಗೆ ಕೊಟ್ಟಿತು. ನಾವು ಗಮನಿಸಬೇಕಾದದ್ದು ಕ್ರಮವನ್ನು. ಜನರಿಗೆ ಬಾಯಾರಿಕೆಯಾಗಿದೆ ಎಂದು ಚಹಾ ಬರಲಿಲ್ಲ. ಮಾಲು ಉಳಿದುಹೋಗಿತ್ತು, ಅದಕ್ಕಾಗಿ ಬಾಯಾರಿಕೆಯನ್ನು ಹುಟ್ಟಿಸಬೇಕಾಯಿತು.

ಇದೇ ಕ್ರಮ ಮುಂದೆ ಶಾಂಪೂವಿನಲ್ಲಿ ನಡೆಯಿತು. ತಮಿಳುನಾಡಿನ ಕಡಲೂರಿನಲ್ಲಿ 1983ರಲ್ಲಿ ಆರಂಭವಾದ ಚಿಕ್ ಕಂಪೆನಿ ಹಳ್ಳಿಗಳಲ್ಲಿ ಹುಡುಗರ ತಲೆ ತೊಳೆದು ತೋರಿಸಿ ಸ್ಯಾಷೆ ಹಂಚಿತು. ಬಳಿಕ ಯಾವುದೇ ಶಾಂಪೂವಿನ ಐದು ಖಾಲಿ ಸ್ಯಾಷೆ ತಂದರೆ ಒಂದು ಚಿಕ್ ಉಚಿತ ಎಂದಿತು. ಗಿರಾಕಿ ಕೈಗೆ ಹತ್ತಿದ ಮೇಲೆ ಚಿಕ್‌ನದೇ ಖಾಲಿ ಸ್ಯಾಷೆ ತಂದರೆ ಮಾತ್ರ ಉಚಿತ ಎಂದಿತು. ವ್ಯಾಪಾರದ ಪಾಠವಾಗಿ ಇದನ್ನು ಹೊಗಳುವವರಿದ್ದಾರೆ. ದೊಡ್ಡ ಬಾಟಲಿ ಕೊಳ್ಳಲಾರದ ಬಡವರಿಗೂ ಸರಕು ಮುಟ್ಟಿತು ಎಂಬುದು ನಿಜವೇ. ಆದರೆ ನಮ್ಮ ಊರುಗಳ ಗಟಾರಗಳಲ್ಲಿ ಕೊಳೆಯದೆ ಬಿದ್ದಿರುವ ಆ ಖಾಲಿ ಸ್ಯಾಷೆಗಳಿಗೆ ಪ್ರತಿಯಾಗಿ ಯಾವ ಯೋಜನೆಯೂ ಇಲ್ಲ. ಅವನ್ನು ಬಳಿಯುವ ಪೌರಕಾರ್ಮಿಕರ ದುಡಿಮೆ ಯಾವ ಕಂಪೆನಿಯ ಲೆಕ್ಕಪುಸ್ತಕಕ್ಕೂ ಸೇರುವುದಿಲ್ಲ.

ಇನ್ನು ಮೊಬೈಲ್. 2016ರ ಸೆಪ್ಟೆಂಬರ್ 5ರಂದು ಜಿಯೋ ತನ್ನ ಸೇವೆ ಆರಂಭಿಸಿ ಆ ವರ್ಷದ ಕೊನೆಯವರೆಗೆ ಮಾತು, ಡೇಟಾ ಎರಡನ್ನೂ ಉಚಿತವಾಗಿ ಕೊಟ್ಟಿತು; ಮತ್ತೆ 2017ರ ಮಾರ್ಚ್ 31ರವರೆಗೆ ಅದನ್ನು ಮುಂದುವರಿಸಿತು. ಆರು ತಿಂಗಳು ತುಂಬುವ ಮೊದಲೇ 10 ಕೋಟಿ ಗಿರಾಕಿಗಳು ಸೇರಿದರು. ಇದು ಪೈಪೋಟಿಯನ್ನು ಕೊಲ್ಲುವ ಬೆಲೆ ಎಂದು ಏರ್‌ಟೆಲ್ ಕಂಪೆನಿ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ಹೊಸದಾಗಿ ಬಂದ ಕಂಪೆನಿಗೆ ಮಾರುಕಟ್ಟೆಯ ಮೇಲೆ ಹಿಡಿತವಿಲ್ಲ ಎಂಬ ಕಾರಣದಿಂದ 2017ರ ಜೂನ್‌ನಲ್ಲಿ ಆಯೋಗ ಅದನ್ನು ತಳ್ಳಿಹಾಕಿತು. 2018ರ ಫೆಬ್ರವರಿಯಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಹಾಕಿತು. ಅದೇ ಆಗಸ್ಟಿನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. 2024ರ ಜುಲೈ ಬಂದಾಗ ಖಾಸಗಿ ಕಂಪೆನಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ದರ ಏರಿಸಿದವು. ಡೇಟಾ ಅಗ್ಗವಾಗಿ ರಾಮದುರ್ಗದ ನೇಕಾರರ ಮಗಳ ಕೈಗೂ ಪಾಠ ಸಿಕ್ಕಿತು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ಸಂತೆಯಲ್ಲಿ ಹತ್ತು ಅಂಗಡಿಗಳಿದ್ದು, ಒಬ್ಬ ಶ್ರೀಮಂತ ಆರು ತಿಂಗಳು ಪುಕ್ಕಟೆ ಕೊಟ್ಟು ಏಳು ಅಂಗಡಿ ಮುಚ್ಚಿಸಿದರೆ ಅದನ್ನು ಕೊಸರು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಉಚಿತ ಮಾದರಿಯ ಶಕ್ತಿಯನ್ನು ಕಾನೂನು ಸರಿಯಾಗಿ ಅರ್ಥಮಾಡಿಕೊಂಡ ಒಂದು ಸಂದರ್ಭ ನಮ್ಮ ದೇಶದಲ್ಲಿಯೇ ಇದೆ. ಶಿಶುಗಳ ಹಾಲಿನ ಪುಡಿಯ ಕಂಪೆನಿಗಳು ಹೆರಿಗೆ ಆಸ್ಪತ್ರೆಗಳಿಗೆ ಡಬ್ಬಿಗಳನ್ನು ಪುಕ್ಕಟೆ ಕೊಡುವ ರೂಢಿ ಜಗತ್ತಿನ ಹಲವೆಡೆ ಇತ್ತು. ಹಾಲೂಡಿಸದೆ ಇದ್ದರೆ ತಾಯಿಯ ಎದೆಯಲ್ಲಿ ಹಾಲು ಬತ್ತುತ್ತದೆ. ಕೆಲವೇ ದಿನ ಡಬ್ಬಿಯ ಹಾಲು ಕುಡಿಸಿದರೆ ಸಾಕು, ಮುಂದೆ ಡಬ್ಬಿ ಕೊಳ್ಳದೆ ಗತಿಯಿಲ್ಲ. ಬಡತಾಯಿ ಅದನ್ನು ನೀರು ಹೆಚ್ಚಿಸಿ ಕುಡಿಸುತ್ತಾಳೆ, ಆ ನೀರೂ ಶುದ್ಧವಲ್ಲ, ಮಗು ಭೇದಿಯಿಂದ ನರಳುತ್ತದೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಮಾರಾಟಕ್ಕೆ ನೀತಿಸಂಹಿತೆ ರೂಪಿಸಿತು. ಭಾರತ 1992ರಲ್ಲಿ ಕಾಯಿದೆ ಮಾಡಿ ತಾಯಂದಿರಿಗೆ ಉಚಿತ ಮಾದರಿ ಕೊಡುವುದನ್ನು ನಿಷೇಧಿಸಿತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಇಲ್ಲಿ ಕಾನೂನು ಕಂಡುಕೊಂಡ ಸತ್ಯ ಸರಳವಾದದ್ದು. ಬೇಡ ಎಂದು ಹಿಂದಿರುಗುವ ದಾರಿಯನ್ನು ಯಾವ ಪುಕ್ಕಟೆ ವಸ್ತು ಮುಚ್ಚುತ್ತದೋ ಅದನ್ನು ದಾನ ಎನ್ನಲಾಗದು.

ಈಗ ಬೈಲಹೊಂಗಲದ ಹತ್ತಿಯ ಮಾತಿಗೆ ಬರೋಣ. ಉಚಿತ ಮಾದರಿ ಎಂದರೆ ಮಾರುವವನು ಕೊಡುವುದು ಎಂದು ಎಲ್ಲರೂ ತಿಳಿದಿದ್ದಾರೆ. ಕರಿನೆಲದ ರೈತನಿಗೆ ಅದರ ಇನ್ನೊಂದು ಮುಖ ಗೊತ್ತು. ಅವನೂ ಮಾರುವವನೇ. ಆದರೆ ಅವನ ಮಾಲಿನ ಮಾದರಿಯನ್ನು ಅವನು ಕೊಡುವುದಿಲ್ಲ, ಕೊಳ್ಳುವವರು ಹಿರಿದುಕೊಳ್ಳುತ್ತಾರೆ. ಲಿನ್‌ಲಿತ್‌ಗೋ ಅಧ್ಯಕ್ಷತೆಯ ಕೃಷಿ ಕುರಿತ ರಾಯಲ್ ಆಯೋಗ 1928ರಲ್ಲಿ ಕೊಟ್ಟ ವರದಿಯಲ್ಲಿ ಅಂದಿನ ಮಾರುಕಟ್ಟೆಗಳ ಅನ್ಯಾಯಗಳ ಪಟ್ಟಿಯೇ ಇದೆ. ತಕ್ಕಡಿಯಲ್ಲಿ ಮೋಸ, ಧರ್ಮದ ಹೆಸರಿನಲ್ಲಿ ಮನಬಂದಂತೆ ಕಡಿತ, ಬಟ್ಟೆಯ ಮರೆಯಲ್ಲಿ ದಲ್ಲಾಳಿಗಳು ಬೆರಳು ಮುಟ್ಟಿ ಕುದುರಿಸುವ ದರ, ಅದರೊಂದಿಗೆ ಮಾದರಿ ಎಂದು ತೆಗೆದುಕೊಂಡ ದೊಡ್ಡ ಪಾಲಿಗೆ ದುಡ್ಡಿಲ್ಲ - ವ್ಯಾಪಾರ ಕುದುರದಿದ್ದರೂ ಅದು ವಾಪಸಿಲ್ಲ. ನಿಯಂತ್ರಿತ ಮಾರುಕಟ್ಟೆಗಳ ಕಾನೂನುಗಳು ಬಂದದ್ದು ಈ ಅನ್ಯಾಯ ತಡೆಯಲೆಂದೇ. ಕರ್ನಾಟಕದಲ್ಲಿ 1966ರ ಎಪಿಎಂಸಿ ಕಾಯಿದೆಯ ಹಿಂದಿನ ಆಶಯವೂ ಅದೇ.

ಹೀಗೆ ಒಂದೇ ಹಿಡಿ ಮಾಲು ಎರಡು ದಿಕ್ಕಿನಲ್ಲಿ ಹರಿಯುತ್ತದೆ. ಬಲವಿದ್ದವನು ಕೊಟ್ಟರೆ ಅದು ಜಾಹೀರಾತು, ಬಲವಿಲ್ಲದವನಿಂದ ಕಿತ್ತುಕೊಂಡರೆ ಅದು ರೂಢಿ. ಕನ್ನಡದ 'ಬಿಟ್ಟಿ' ಎಂಬ ಮಾತು ಈ ಎರಡನ್ನೂ ತನ್ನೊಳಗೇ ಇಟ್ಟುಕೊಂಡಿದೆ. ಇಂದು ನಾವು ಬಿಟ್ಟಿ ಎಂದರೆ ದುಡ್ಡಿಲ್ಲದೆ ಸಿಕ್ಕಿದ್ದು ಎನ್ನುತ್ತೇವೆ. ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಆ ಮಾತಿನ ಹಳೆಯ ಅರ್ಥ ಕೂಲಿ ಕೊಡದೆ ಮಾಡಿಸಿಕೊಳ್ಳುವ ಚಾಕರಿ. ಒಬ್ಬರಿಗೆ ಬಿಟ್ಟಿ ಸಿಕ್ಕಲ್ಲಿ ಇನ್ನೊಬ್ಬರು ಬಿಟ್ಟಿ ದುಡಿದಿರುತ್ತಾರೆ ಎಂಬುದು ಭಾಷೆಗೆ ಗೊತ್ತಿತ್ತು. ಪುಕ್ಕಟೆಯದೇನನ್ನಾದರೂ ಕಂಡಾಗ ಇದಕ್ಕೆ ದುಡ್ಡು ತೆತ್ತವರು ಯಾರು ಎಂದು ಕೇಳುವುದನ್ನು ನಾವು ಈ ಮಾತಿನಿಂದಲೇ ಕಲಿಯಬಹುದು.

ಇಸ್ಲಾಮಿನ ವ್ಯಾಪಾರ ನೀತಿಯಲ್ಲಿ ಈ ಪ್ರಶ್ನೆಗೆ ಒಂದು ನಿಷ್ಠುರ ಅಳತೆಗೋಲಿದೆ. ಪ್ರವಾದಿ ಮುಹಮ್ಮದರು(ಸ) ಇಬ್ನುಲ್ ಲುತ್‌ಬಿಯ್ಯ ಎಂಬವರನ್ನು ಝಕಾತ್ ವಸೂಲಿಗೆ ಕಳುಹಿಸಿದ್ದರು. ಹಿಂದಿರುಗಿದ ಆತ ಒಂದಿಷ್ಟು ಮಾಲನ್ನು ಬೇರೆ ಇಟ್ಟು, ಇದು ನನಗೆ ಉಡುಗೊರೆಯಾಗಿ ಬಂದದ್ದು ಎಂದರು. ತಂದೆತಾಯಿಯ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೆ ಈ ಉಡುಗೊರೆ ನಿನ್ನನ್ನು ಹುಡುಕಿಕೊಂಡು ಬರುತ್ತಿತ್ತೇ ಎಂಬರ್ಥದಲ್ಲಿ ಪ್ರವಾದಿಯವರು ಪ್ರಶ್ನಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಈ ಘಟನೆ ವರದಿಯಾಗಿದೆ. ಉಡುಗೊರೆ ಮನುಷ್ಯನಿಗೆ ಬಂತೇ, ಅವನ ಕುರ್ಚಿಗೆ ಬಂತೇ ಎಂದು ನೋಡುವ ಕಣ್ಣು ಇದು. ವೈದ್ಯರ ಮೇಜಿನ ಮೇಲೆ ಬಂದು ಬೀಳುವ ಔಷಧ ಕಂಪೆನಿಗಳ ಕಾಣಿಕೆಗಳನ್ನು ಈ ಕಣ್ಣಿನಿಂದ ನೋಡಿದರೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ಇನ್ನೊಂದು ವರದಿ ಮದೀನಾದ ಸಂತೆಯದು. ಧಾನ್ಯದ ರಾಶಿಯೊಳಗೆ ಪ್ರವಾದಿಯವರು ಕೈ ಹಾಕಿದಾಗ ಒಳಗೆ ಒದ್ದೆ ತಗಲಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಏಕೆ ಇಡಲಿಲ್ಲ ಎಂದು ಕೇಳಿದರು, ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ರಾಶಿಯ ಮೇಲ್ಭಾಗ ಎಂದರೆ ಗಿರಾಕಿಗೆ ತೋರಿಸುವ ಮಾದರಿಯೇ. ಮಾದರಿಯೂ ಮಾಲೂ ಒಂದೇ ಆಗಿರಬೇಕು ಎಂಬುದಕ್ಕಿಂತ ದೊಡ್ಡ ಗ್ರಾಹಕ ನ್ಯಾಯ ಇನ್ನಾವುದಿದೆ? ಅಳತೆಯಲ್ಲಿ ಕಡಿಮೆ ಕೊಡುವವರ ಮೇಲೆ ಕುರ್‌ಆನಿನ ಒಂದು ಇಡೀ ಅಧ್ಯಾಯವೇ, ಅಲ್ ಮುತಫ್ಫಿಫೀನ್, ಗುಡುಗಿದೆ.

ಕೊಸರಿಗೂ ಇಲ್ಲಿ ಮನ್ನಣೆಯಿದೆ. ಆದರೆ ಅದು ನಾವು ತಿಳಿದಂತಿಲ್ಲ. ಮಕ್ಕಾದಲ್ಲಿ ಬಟ್ಟೆ ಕೊಂಡ ಪ್ರವಾದಿಯವರು, ಬೆಲೆಯನ್ನು ತೂಗುತ್ತಿದ್ದವನಿಗೆ ತೂಗು, ಒಂದಿಷ್ಟು ಹೆಚ್ಚೇ ತೂಗು ಎಂಬರ್ಥದಲ್ಲಿ ಹೇಳಿದರೆಂದು ತಿರ್ಮಿದಿ ಮತ್ತು ಅಬೂದಾವೂದ್‌ಗಳಲ್ಲಿ ವರದಿಯಾಗಿದೆ. ಅಂದರೆ ಕೊಸರು ಹಾಕಿದವರು ಗಿರಾಕಿ! ಹೆಣ್ಣುಮಗಳೊಬ್ಬಳ ಕೊತ್ತಂಬರಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡು ರೂಪಾಯಿಗೆ ಕೊಸರಾಡುವ ನಾವು, ಬೆಳಗಾವಿಯ ಮಾಲ್‌ನಲ್ಲಿ ಅಚ್ಚಾದ ಬೆಲೆಗೆ ಮರುಮಾತಿಲ್ಲದೆ ಕಾರ್ಡು ಉಜ್ಜಿ ಬರುತ್ತೇವೆ. ಕೊಸರು ಒಮ್ಮುಖದ ಹಕ್ಕಲ್ಲ ಎಂಬ ಪಾಠ ನಮಗೂ ಬೇಕಾಗಿದೆ.

ಶರಣರ ನಾಡಿನಲ್ಲಿ ಈ ಮಾತು ಪರಕೀಯವಾಗಿ ಕೇಳಿಸಲಾರದು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವನ ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲಿಗೇ ಸುರಿದು ಬರಲು ಹೇಳಿದಳೆಂಬ ಕತೆ ಎಲ್ಲರಿಗೂ ಗೊತ್ತು. ಕಲ್ಯಾಣದಿಂದ ಉಳವಿಯತ್ತ ಶರಣರು ಸಾಗಿದರೆನ್ನುವ ಹಾದಿ ಇದೇ ಸೀಮೆಯದು. ಕಿತ್ತೂರಿಗೆ ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಬೇಡದ್ದನ್ನು ಬೇಡ ಎನ್ನುವ ಲಕ್ಕಮ್ಮನ ಶಕ್ತಿ ಗಿರಾಕಿಗೆ ಬಂದುಬಿಟ್ಟರೆ ಅರ್ಧ ಜಾಹೀರಾತು ಉದ್ಯಮವೇ ಮುಗ್ಗರಿಸುತ್ತದೆ.

ಹಾಗೆಂದು ಪುಕ್ಕಟೆಯದೆಲ್ಲ ಮೋಸ ಎಂದು ತೀರ್ಪು ಕೊಡುವವರೊಂದಿಗೆ ನಾವಿಲ್ಲ. 2022ರ ಜುಲೈನಲ್ಲಿ ಪ್ರಧಾನಿಯವರು 'ರೇವಡಿ ಸಂಸ್ಕೃತಿ' ಎಂಬ ಮಾತನ್ನು ಚಲಾವಣೆಗೆ ತಂದರು. ಕರ್ನಾಟಕದಲ್ಲಿ ಅದು 'ಬಿಟ್ಟಿ ಭಾಗ್ಯ' ಎಂಬ ಹಂಗಿಸುವ ಮಾತಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದಾಗ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರುವ ಹೆಂಗಸರ ಸಂಖ್ಯೆ ಏರಿತು. ಗುಡ್ಡದ ಬಳೆಯಂಗಡಿ, ಭಂಡಾರ ಕುಂಕುಮದಂಗಡಿ, ಚಾದಂಗಡಿಗಳಲ್ಲಿ ಖರ್ಚಾಗುವುದು ಟಿಕೆಟ್ಟಿನಲ್ಲಿ ಉಳಿದ ಅದೇ ದುಡ್ಡು. ಶಾಲಾ ಮಕ್ಕಳ ಉಚಿತ ಸಮವಸ್ತ್ರಕ್ಕೆ ಕೈಮಗ್ಗ ನಿಗಮದಿಂದ ಬಟ್ಟೆ ಕೊಂಡಾಗ ನೇಕಾರರ ಮನೆಗಳಿಗೆ ಕೆಲಸ ಸಿಗುತ್ತದೆ. ಇದು ನಮ್ಮದೇ ತೆರಿಗೆಯ ಹಣ, ಮತ ಹಾಕಿ ಪ್ರಶ್ನಿಸಲು ಬರುವ ಹಣ. ಒಂದು ಕೊಂಡರೆ ಒಂದು ಉಚಿತ ಎಂಬ ಫಲಕದ ಮುಂದೆ ಸಾಲು ನಿಲ್ಲುವವರೇ ಬಸ್ಸಿನಲ್ಲಿ ಕೂತ ಕೂಲಿ ಹೆಂಗಸನ್ನು ಬಿಟ್ಟಿ ಎಂದು ಹಂಗಿಸುವುದು ನಮ್ಮ ಕಾಲದ ದೊಡ್ಡ ವಿಪರ್ಯಾಸ.

ನಂಬಿಕೆ ಎಂಬುದು ಯಾವ ಯೋಜನೆಯಿಂದಲೂ ಕೊಳ್ಳಲಾಗದಷ್ಟು ನಿಧಾನವಾಗಿ ಬೆಳೆಯುತ್ತದೆ, ಒಂದೇ ದಿನದಲ್ಲಿ ಮುರಿಯುತ್ತದೆ. 2022ರ ಏಪ್ರಿಲ್ 9ರಂದು ಪಕ್ಕದ ಧಾರವಾಡದ ನುಗ್ಗಿಕೇರಿ ಹನುಮಂತ ದೇವಸ್ಥಾನದ ಬಳಿ, ಹಲವು ವರ್ಷಗಳಿಂದ ಅಲ್ಲಿಯೇ ಹಣ್ಣು ಮಾರುತ್ತಿದ್ದ ಮುಸ್ಲಿಮ್ ವೃದ್ಧರ ಕಲ್ಲಂಗಡಿಗಳನ್ನು ಕೆಲವರು ನೆಲಕ್ಕೆ ಬಡಿದು ಒಡೆದುಹಾಕಿದರು. ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಹಾಕಲು ಬಿಡಬಾರದು ಎಂಬ ಕೂಗು ರಾಜ್ಯದಲ್ಲಿ ಎದ್ದಿದ್ದ ದಿನಗಳವು. ಆ ಹಣ್ಣುಗಳೊಂದಿಗೆ ಹೋದದ್ದು ಅಂದಿನ ದುಡಿಮೆ ಮಾತ್ರವಲ್ಲ; ಭಕ್ತರಿಗೆ ವರ್ಷಗಟ್ಟಲೆ ಹಣ್ಣು ಕೊಯ್ದು ಕೊಟ್ಟು ಗಳಿಸಿದ್ದ ಪರಿಚಯವನ್ನೂ ಒಡೆಯುವ ಯತ್ನ ಅದಾಗಿತ್ತು. ಆದರೆ ಅಂದು ಆ ವೃದ್ಧರ ನೆರವಿಗೆ ಬಂದವರಲ್ಲಿ ಎಲ್ಲ ಧರ್ಮದವರೂ ಇದ್ದರು. ಅವರ ಅಂಗಡಿಯ ನಷ್ಟ ತುಂಬಿದ್ದು ಆ ಸಹಾಯ. ನಾವು ಇದನ್ನು ಗಿರಾಕಿಗಳು ತಿರುಗಿಸಿ ಹಾಕಿದ ಕೊಸರು ಎಂದೇ ಭಾವಿಸುತ್ತೇವೆ.

ಸಣ್ಣ ವ್ಯಾಪಾರಿಗಳು ಕಂಪೆನಿಗಳ ಉಚಿತದೊಂದಿಗೆ ಪೈಪೋಟಿಗೆ ಇಳಿಯಲಾರರು, ಇಳಿಯಬೇಕಾಗಿಯೂ ಇಲ್ಲ. ಅವರ ಬಳಿ ಬೇರೆ ಬಂಡವಾಳವಿದೆ. ಬೆಲ್ಲದ ಚೂರು ಬಾಯಿಗಿಟ್ಟು ನೋಡಿ ಎನ್ನಲಿ, ತೋರಿಸಿದ ಮಾಲನ್ನೇ ಕಟ್ಟಿಕೊಡಲಿ, ಕೆಟ್ಟದ್ದು ಬಂದರೆ ಮಾತಿಲ್ಲದೆ ಬದಲಿಸಲಿ, ಇಂದು ಹುಳುಕಿದೆ ಬೇಡ ಎಂದು ತಾವೇ ಹೇಳಲಿ. ಈ ಕೊನೆಯ ಮಾತನ್ನು ಯಾವ ಕಂಪೆನಿಯೂ ತನ್ನ ಗಿರಾಕಿಗೆ ಹೇಳಲಾರದು. ನಮ್ಮಂಥ ಮಾಸಿಕಗಳೂ ಹೊಸ ಊರುಗಳಿಗೆ ಮಾದರಿ ಪ್ರತಿ ಕಳುಹಿಸಿಯೇ ಚಂದಾದಾರರನ್ನು ಕೇಳುತ್ತವೆ. ಆ ಮಾದರಿ ಪ್ರತಿಯಲ್ಲಿದ್ದ ಮಾತು ಮುಂದಿನ ಸಂಚಿಕೆಗಳಲ್ಲಿಯೂ ಇರಬೇಕು, ಓದುಗರು ಬೇಡ ಎಂದರೆ ಅಲ್ಲಿಗೆ ನಿಲ್ಲಬೇಕು. ಬೇರೆಯವರಿಗೆ ಹಾಕಿದ ಈ ಅಳತೆ ನಮಗೂ ಅನ್ವಯಿಸುತ್ತದೆ.

ಕೊಳ್ಳುವ ನಾವಾದರೂ ಉಚಿತದ ಫಲಕ ಕಂಡಲ್ಲಿ ನಾಲ್ಕು ಪ್ರಶ್ನೆ ಕೇಳಿಕೊಳ್ಳಬಹುದು. ಇದರ ದುಡ್ಡು ಯಾರು ಕೊಡುತ್ತಿದ್ದಾರೆ? ತೋರಿಸಿದ ಮಾದರಿಯೂ ನಾಳೆಯ ಮಾಲೂ ಒಂದೇ ಏನು? ಬೇಡವೆನಿಸಿದಾಗ ಬಿಡಲು ಬರುತ್ತದೆಯೇ? ಪಕ್ಕದ ಅಂಗಡಿಯವನು ಇದರಿಂದ ಬಾಗಿಲು ಹಾಕಬೇಕಾಗುತ್ತದೆಯೇ? ಸಂತೆಯ ಮಾಮಾ ಹಾಕಿದ ನಾಲ್ಕು ಮೆಣಸಿನಕಾಯಿ ಈ ನಾಲ್ಕೂ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡುತ್ತವೆ. ಅವುಗಳ ದುಡ್ಡು ಅವನದೇ ಜೇಬಿನದು, ಅವು ಅದೇ ಬುಟ್ಟಿಯವು, ಮುಂದಿನ ವಾರ ಬೇರೆಯವರ ಹತ್ತಿರ ಹೋಗಲು ಗಿರಾಕಿಗೆ ಅಡ್ಡಿಯಿಲ್ಲ, ಪಕ್ಕದಲ್ಲಿ ಕೂತವಳೂ ಅಷ್ಟೇ ಕೊಸರು ಹಾಕಿ ತನ್ನ ಬುಟ್ಟಿ ಖಾಲಿ ಮಾಡಿಕೊಂಡು ಊರಿಗೆ ಮರಳುತ್ತಾಳೆ.